ಎಸ್ಟೀಮ್ ಹೀಟ್ ಆಗುತ್ತಿದೆ, ಕಾಲಡಿ ಮ್ಯಾಟ್ ಒದ್ದೆ, ಕಾರಲ್ಲಿ ಸಿಹಿ ವಾಸನೆ: ಎಂಜಿನ್ ಹೆಡ್ ಬಿಚ್ಚಿಸಲಾ, ಬೇಡ್ವಾ?

ಎಸ್ಟೀಮ್ 2003

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ. ತಲೆ ಕೆಟ್ಟು ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗಬಹುದು.

ನನ್ನದು 2003ರ ಮಾರುತಿ ಎಸ್ಟೀಮ್, ಪೆಟ್ರೋಲ್. ಅಪ್ಪ ತಗೊಂಡಿದ್ದ ಗಾಡಿ, ಹಾಗಾಗಿ ಮಾರುವ ಮಾತು ಯಾರೂ ಎತ್ತಬೇಡಿ. ಹೋದ ಭಾನುವಾರ ಅಮ್ಮನನ್ನು ಕರೆದುಕೊಂಡು ಚಿತ್ರದುರ್ಗಕ್ಕೆ ಹೊರಟಿದ್ದೆ. ಏಪ್ರಿಲ್ ಬಿಸಿಲು ನಿಮಗೆ ಗೊತ್ತಲ್ಲ. ಎಸಿ ಹಾಕಿಕೊಂಡು 80ರಲ್ಲಿ ಹೋಗುತ್ತಿದ್ದೆ. ಆನಗೋಡು ದಾಟಿದ ಮೇಲೆ ಟೆಂಪರೇಚರ್ ಮುಳ್ಳು ಮೇಲೇರಲು ಶುರುವಾಯಿತು. ಭರಮಸಾಗರ ಬರುವಷ್ಟರಲ್ಲಿ ಕೆಂಪು ಗೆರೆಯ ಹತ್ತಿರ. ಸೈಡಿಗೆ ಹಾಕಿ ಒಂದು ಗಂಟೆ ಬೇವಿನ ಮರದ ಕೆಳಗೆ ಕೂತೆವು. ತಣ್ಣಗಾದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದರೆ ಒಂದೂವರೆ ಲೀಟರ್ ನೀರು ಹಿಡಿಯಿತು. ವಿಚಿತ್ರ ಏನಂದ್ರೆ, ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಲಂಟ್ (ಎಂಜಿನ್ ತಂಪು ಮಾಡುವ ದ್ರವ) ಗೆರೆವರೆಗೂ ಇತ್ತು!

ಎರಡು ತಿಂಗಳಿಂದ ಎಡಗಡೆ ಸೀಟಿನ ಕಾಲಡಿ ಮ್ಯಾಟ್ ಒದ್ದೆ ಆಗುತ್ತಿದೆ. ಕಾರಿನೊಳಗೆ ಒಂಥರಾ ಸಿಹಿ ವಾಸನೆ, ಬೆಲ್ಲದ ಪಾಕ ಒಲೆ ಮೇಲೆ ಜಾಸ್ತಿ ಹೊತ್ತು ಇಟ್ಟ ಹಾಗೆ. ಮುಂದಿನ ಗಾಜಿನ ಒಳಗಡೆ ಜಿಡ್ಡು ಜಿಡ್ಡಾಗಿ ಮಬ್ಬು ಕೂರುತ್ತದೆ. ಒರೆಸಿದರೆ ಇನ್ನೂ ಹರಡುತ್ತದೆ.

ಎರಡು ಗ್ಯಾರೇಜ್ ಆಯಿತು. ಮೊದಲನೆಯವರು "ಮ್ಯಾಟ್ ಒದ್ದೆ ಆಗಿರೋದು ಎಸಿ ನೀರು, ತಲೆ ಕೆಡಿಸ್ಕೋಬೇಡಿ" ಅಂದು, ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಕಳಿಸಿದರು. ಎರಡನೆಯವರು ಬಾನೆಟ್ ಎತ್ತಿ ಎರಡು ನಿಮಿಷ ನೋಡಿ, "ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸಿ ಫೇಸಿಂಗ್ ಮಾಡಿಸಬೇಕು, 18 ಸಾವಿರ" ಅಂದರು. (ಹೆಡ್ ಅಂದರೆ ಎಂಜಿನ್ನಿನ ಮೇಲಿನ ಭಾಗ, ಗ್ಯಾಸ್ಕೆಟ್ ಅಂದರೆ ಅದರ ಕೆಳಗೆ ಕೂರುವ ತೆಳು ಹಾಳೆ, ಫೇಸಿಂಗ್ ಅಂದರೆ ಹೆಡ್ ತಳವನ್ನು ಸಮ ಮಾಡುವುದು.) ಯಾರನ್ನು ನಂಬಲಿ?

ಮಂಡಕ್ಕಿ ಮಿರ್ಚಿ

ಹೀಟರ್ ಕೋರ್ ಸೋರುತ್ತಿದೆ. ಬೇರೆ ಏನೂ ಅಲ್ಲ. 18 ಸಾವಿರ ಜೇಬಲ್ಲೇ ಇರಲಿ.

ಪಿ.ಬಿ. ರೋಡ್ ಪಾರ್ಟಿ

ದಾವಣಗೆರೆ ಕಾರಿಗೆ ಹೀಟರ್ ಯಾಕ್ರೀ? ನಮ್ಮೂರಲ್ಲಿ ಬಾಗಿಲು ತೆಗೆದರೇ ಹೀಟರ್. ಕಿತ್ತು ಬಿಸಾಕಿ ಅದನ್ನ.

ಹದಿನಾಲ್ಕು ನಂಬರ್ ಸ್ಪ್ಯಾನರ್

ತಮ್ಮಾ, ಅವಸರ ಬೇಡ. ನಾನು ಮೂವತ್ತು ವರ್ಷ ಕೈಗೆ ಗ್ರೀಸ್ ಹಚ್ಚಿಕೊಂಡವನು, ಈಗ ಬಿಟ್ಟಿದ್ದೇನೆ. ನೀನು ಬರೆದಿದ್ದರಲ್ಲೇ ಅರ್ಧ ಉತ್ತರ ಇದೆ.

ಹೀಟರ್ ಕೋರ್ ಅಂದರೆ ಡ್ಯಾಶ್‌ಬೋರ್ಡ್ ಹಿಂದೆ ಕೂತಿರುವ ಇನ್ನೊಂದು ಪುಟ್ಟ ರೇಡಿಯೇಟರ್. ಅಂಗಡಿಯಲ್ಲಿ ಹೀಟರ್ ಕಾಯಿಲ್ ಅಂತ ಕೇಳಿದರೂ ಕೊಡುತ್ತಾರೆ. ಎಂಜಿನ್ನಿನ ಬಿಸಿ ನೀರು ಎರಡು ರಬ್ಬರ್ ಹೋಸ್‌ಗಳಲ್ಲಿ ಅಲ್ಲಿಗೆ ಹೋಗಿ ವಾಪಸ್ ಬರುತ್ತದೆ. ನೀನು ಹೀಟರ್ ಹಾಕದಿದ್ದರೂ ಎಷ್ಟೋ ಗಾಡಿಗಳಲ್ಲಿ ನೀರು ಅಲ್ಲಿ ಸುತ್ತುತ್ತಲೇ ಇರುತ್ತದೆ. ಇಪ್ಪತ್ತು ವರ್ಷ ಬೋರ್‌ವೆಲ್ ನೀರು ಕುಡಿದ ಕೋರ್ ಒಳಗಿಂದ ತಿಂದು ಹೋಗಿ ಸಣ್ಣ ತೂತು ಬೀಳುತ್ತದೆ. ಅಲ್ಲಿಂದ ಹನಿ ಕಾಲಡಿ ಬೀಳುತ್ತದೆ. ಆವಿ ಬ್ಲೋವರ್ ಗಾಳಿ ಜೊತೆ ಬಂದು ಗಾಜಿಗೆ ಕೂರುತ್ತದೆ. ಅದರಲ್ಲಿ ಕೂಲಂಟಿನ ಗ್ಲೈಕಾಲ್ ಅನ್ನುವ ರಾಸಾಯನಿಕ ಇರುವುದರಿಂದ ಜಿಡ್ಡು, ಸಿಹಿ ವಾಸನೆ. ನೀನು ಹೇಳಿದ ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿವೆ.

ಇನ್ನು ಡಬ್ಬಿ ತುಂಬಿದ್ದು ರೇಡಿಯೇಟರ್ ಖಾಲಿ ಆಗಿದ್ದು. ಎಂಜಿನ್ ತಣ್ಣಗಾಗುವಾಗ ಒಳಗೆ ನೀರು ಕುಗ್ಗುತ್ತದೆ. ಆಗ ಮುಚ್ಚಳದಲ್ಲಿರುವ ಚಿಕ್ಕ ವಾಲ್ವ್ ತೆರೆದು ಡಬ್ಬಿಯಿಂದ ಕೂಲಂಟ್ ಎಳೆದುಕೊಳ್ಳಬೇಕು. ಎಲ್ಲೋ ತೂತಿದ್ದರೆ ಕೂಲಂಟ್ ಬದಲು ಆ ತೂತಿನಿಂದ ಗಾಳಿ ಎಳೆಯುತ್ತದೆ. ಇಲ್ಲವೇ ಮುಚ್ಚಳದ ರಬ್ಬರೇ ಸತ್ತಿರುತ್ತದೆ. ಅದಕ್ಕೇ ಬರೀ ಡಬ್ಬಿ ನೋಡಿ ಗಾಡಿ ಓಡಿಸಬಾರದು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದೇ ನೋಡಬೇಕು. ಬಿಸಿ ಇರುವಾಗ ಮಾತ್ರ ಕೈ ಹಾಕಬೇಡ. ನನ್ನ ಬಲಗೈ ಮೇಲಿನ ಕಲೆ ಅದರದ್ದೇ.

ಕಲ್ಲಿನಕೋಟೆ

ಸ್ಪ್ಯಾನರ್ ಅಣ್ಣ, ನಿಮ್ಮ ಮೇಲೆ ಗೌರವ ಇದೆ. ಆದರೆ ಒದ್ದೆ ಮ್ಯಾಟ್ ಅಂದ ಕೂಡಲೇ ಹೀಟರ್ ಕೋರ್ ಅನ್ನಬೇಡಿ. ನಾನು ಅದೇ ನಂಬಿ ಹಾಳಾದವನು.

ನನ್ನ ಝೆನ್‌ನಲ್ಲೂ ಎಡಗಡೆ ಒದ್ದೆ. ದುರ್ಗದಲ್ಲೇ ಒಬ್ಬರು ಹೀಟರ್ ಕೋರ್ ಅಂದರು. ಪೂರ್ತಿ ಡ್ಯಾಶ್‌ಬೋರ್ಡ್ ಬಿಚ್ಚಿದರು. ಎರಡು ದಿನ ಕಾರು ಹೊಟ್ಟೆ ಬಗೆದ ಕುರಿ ಥರ ನಿಂತಿತ್ತು. ಕೋರ್ ಒಣಗಿ ಕಟ್ಟಿಗೆ ಆಗಿದೆ, ಒಂದು ಹನಿ ಸೋರಿಕೆ ಇಲ್ಲ! ಆಮೇಲೆ ನೋಡಿದರೆ ಎಸಿ ನೀರು ಹೊರಗೆ ಹೋಗುವ ಡ್ರೈನ್ ಪೈಪಿನಲ್ಲಿ ಧೂಳು, ಎಲೆ ಸೇರಿ ಕಟ್ಟಿಕೊಂಡಿತ್ತು. ಸೈಕಲ್ ಕಡ್ಡಿ ಹಾಕಿ ತಿವಿದರೆ ಒಂದು ಚೊಂಬು ನೀರು ದಬದಬ ಬಿತ್ತು. ಅಷ್ಟೇ ಕೆಲಸ. ಡ್ಯಾಶ್‌ಬೋರ್ಡ್ ವಾಪಸ್ ಹಾಕಿದ ಮೇಲೆ ಇವತ್ತಿಗೂ ಕಿರ್ ಕಿರ್ ಅನ್ನುತ್ತದೆ.

ಹದಿನಾಲ್ಕು ನಂಬರ್ ಸ್ಪ್ಯಾನರ್

ನೀವು ಹೇಳಿದ್ದು ನಿಜ, ಎರಡೂ ಒಂದೇ ಜಾಗದಲ್ಲಿ ಒದ್ದೆ ಮಾಡುತ್ತವೆ. ಆದರೆ ನಿಮ್ಮ ಝೆನ್‌ನಲ್ಲಿ ರೇಡಿಯೇಟರ್ ನೀರು ಕಮ್ಮಿ ಆಗುತ್ತಿತ್ತಾ? ಸಿಹಿ ವಾಸನೆ ಇತ್ತಾ?

ಕಲ್ಲಿನಕೋಟೆ

ಇಲ್ಲ. ಕೊಳೆತ ಬಟ್ಟೆ ವಾಸನೆ ಇತ್ತು.

ಹದಿನಾಲ್ಕು ನಂಬರ್ ಸ್ಪ್ಯಾನರ್

ಅಷ್ಟೇ ನೋಡಿ. ಅದನ್ನು ಮೊದಲೇ ಕೇಳಿದ್ದರೆ ಡ್ಯಾಶ್‌ಬೋರ್ಡ್ ಬಿಚ್ಚುವ ಹಾಗಿರಲಿಲ್ಲ.

ಎಸ್ಟೀಮ್ ತಮ್ಮಾ, ನಾಳೆ ಒಂದು ಕೆಲಸ ಮಾಡು. ಮ್ಯಾಟ್ ತೆಗೆದು ಕೆಳಗೆ ಬಿಳಿ ಟಿಶ್ಯೂ ಪೇಪರ್ ಹಾಸು. ಎಸಿ ಪೂರ್ತಿ ಬಂದ್ ಮಾಡಿ ಅರ್ಧ ಗಂಟೆ ಊರೊಳಗೆ ಓಡಿಸು. ಪೇಪರ್ ಒಣಗಿದ್ದರೆ ಎಸಿ ನೀರಿನ ಕಥೆ. ಒದ್ದೆ ಆದರೆ ಬಣ್ಣ ನೋಡು, ಬೆರಳಲ್ಲಿ ಉಜ್ಜು. ಎಸಿ ನೀರು ಬರೀ ನೀರು, ಆರಿ ಹೋಗುತ್ತದೆ. ಕೂಲಂಟ್ ಜಾರುತ್ತದೆ, ಅಂಟುತ್ತದೆ, ಸಂಜೆವರೆಗೆ ಇಟ್ಟರೂ ಆರುವುದಿಲ್ಲ. ನಾಲಿಗೆಗೆ ಮಾತ್ರ ಹಚ್ಚಬೇಡ.

ಲಾರಿ ಲೋಡು

ಇಷ್ಟಕ್ಕೆಲ್ಲ ಯಾಕೆ ಪೇಪರ್ರು ಗೀಪರ್ರು. ಒಂದು ಹಿಡಿ ಅರಿಶಿನ ಪುಡಿ ರೇಡಿಯೇಟರ್‌ಗೆ ಹಾಕಿ, ಹತ್ತು ನಿಮಿಷ ಓಡಿಸಿ, ತೂತು ಮುಚ್ಚುತ್ತೆ. ನಾನು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹಂಗೇ ಲೋಡ್ ಮುಟ್ಟಿಸಿದ್ದೀನಿ.

ಹಳೇ ಅಂಬಿ

ಅರಿಶಿನ ನಾನೂ ಹಾಕಿದ್ದೇನೆ, ಅಂಬಾಸಿಡರ್‌ಗೆ. ಕೆಲಸ ಮಾಡಿತು. ಮನೆಗೆ ಬಂದು ರೇಡಿಯೇಟರ್ ಬಿಚ್ಚಿ ಬೆಸುಗೆ ಹಾಕಿಸಿದೆ. ಆ ಕಾಲದ ಹಿತ್ತಾಳೆ ರೇಡಿಯೇಟರ್ ಎಷ್ಟು ಸಲ ಬೇಕಾದರೂ ಬೆಸೆಯಬಹುದಿತ್ತು. ಮೇಲಿನ ಟ್ಯಾಂಕ್ ತೆಗೆದು ಉದ್ದ ಕಡ್ಡಿ ತೂರಿಸಿ ಒಂದೊಂದೇ ಟ್ಯೂಬ್ ಕ್ಲೀನ್ ಮಾಡುತ್ತಿದ್ದರು. ಈಗ ಅಲ್ಯೂಮಿನಿಯಂ ಮೈ, ಪ್ಲಾಸ್ಟಿಕ್ ತಲೆ. ಒಡೆದರೆ ಬಿಸಾಕು, ಹೊಸದು ತಾ.

ಹದಿನಾಲ್ಕು ನಂಬರ್ ಸ್ಪ್ಯಾನರ್

ಲಾರಿ ಅಣ್ಣ, ದಾರಿ ಮಧ್ಯೆ ಸಿಕ್ಕಿಬಿದ್ದು ಬೇರೆ ದಿಕ್ಕಿಲ್ಲದಿದ್ದರೆ ನಿಮ್ಮ ಅರಿಶಿನಕ್ಕೆ ನನ್ನ ಓಟು. ಊರಲ್ಲಿ ನಿಂತ ಗಾಡಿಗೆ ಬೇಡ. ಪುಡಿಗೆ ತೂತು ಯಾವುದು ಟ್ಯೂಬ್ ಯಾವುದು ಅಂತ ಗೊತ್ತಾಗಲ್ಲ. ಎಲ್ಲಿ ಸಂದು ಸಣ್ಣದೋ ಅಲ್ಲಿ ಕೂರುತ್ತದೆ. ಹೀಟರ್ ಕೋರ್ ಟ್ಯೂಬ್ ಬಲು ಸಣ್ಣ, ಮೊದಲು ಅದೇ ಕಟ್ಟುತ್ತದೆ. ಆಮೇಲೆ ರೇಡಿಯೇಟರ್ ಸರದಿ. ಬಾಟಲಿಯಲ್ಲಿ ಮಾರುವ ಲೀಕ್ ಮುಚ್ಚುವ ಪುಡಿಗೂ ಇದೇ ಮಾತು.

ಲಾರಿ ಲೋಡು

ನಮ್ಮ ಲಾರಿಗೆ ಹೀಟರೇ ಇಲ್ಲ ಬಿಡಿ ಅಣ್ಣ. ಕಟ್ಟೋಕೇನಿದೆ.

ಹಳೇ ಅಂಬಿ

ಒಂದು ವಿಷಯಕ್ಕೆ ನನ್ನ ತಕರಾರು ಇದೆ. ಮೊದಲನೇ ಗ್ಯಾರೇಜಿನವರು ಥರ್ಮೋಸ್ಟಾಟ್ ತೆಗೆದದ್ದು ಸರಿಯೇ. ನಮ್ಮ ಬಿಸಿಲಿಗೆ ಅದು ಬೇಡ. ಅದೇನಿದ್ದರೂ ಹಿಮ ಬೀಳುವ ದೇಶದವರಿಗೆ. ನಾನು 1988ರಿಂದ ಯಾವ ಗಾಡಿ ತಂದರೂ ಮೊದಲು ತೆಗೆಸುವುದೇ ಅದನ್ನ.

ಹದಿನಾಲ್ಕು ನಂಬರ್ ಸ್ಪ್ಯಾನರ್

ಸಾರ್, ಇದೇ ಮಾತಿನಿಂದ ಎಷ್ಟು ಎಂಜಿನ್ ಹಾಳಾಗಿವೆಯೋ!

ಥರ್ಮೋಸ್ಟಾಟ್ ಅಂದರೆ ನೀರಿನ ಗೇಟು. ನೀರು ಸುಮಾರು 82 ಅಥವಾ 88 ಡಿಗ್ರಿ ಆಗುವವರೆಗೆ ರೇಡಿಯೇಟರ್ ಕಡೆ ಬಿಡುವುದಿಲ್ಲ, ಆಮೇಲೆ ಬಿಡುತ್ತದೆ. ಯಾವ ಡಿಗ್ರಿ ಅಂತ ಅದರ ಮೇಲೇ ಒತ್ತಿರುತ್ತಾರೆ. ಅದನ್ನು ಕಿತ್ತರೆ ಎಂಜಿನ್ ಬಿಸಿ ಹತ್ತಲು ತುಂಬಾ ಹೊತ್ತು ಬೇಕು. ತಣ್ಣನೆಯ ಎಂಜಿನ್ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ, ಆಯಿಲ್ ಕೆಡುತ್ತದೆ, ಸಿಲಿಂಡರ್ ಸವೆಯುತ್ತದೆ. ಇನ್ನೂ ಒಂದು ಇದೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರ ಹಿಂದಿನ ಬಿಲ್ಲೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ನೀವು ಕಿತ್ತರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಒಂದಷ್ಟು ಬಿಸಿ ನೀರು ರೇಡಿಯೇಟರ್ ಮುಖವನ್ನೇ ನೋಡದೆ ವಾಪಸ್ ಎಂಜಿನ್ನಿಗೆ ಬರುತ್ತದೆ. ಅಂದರೆ ತಂಪಾಗಲಿ ಅಂತ ಕಿತ್ತಿದ್ದರಿಂದಲೇ ಹೀಟ್ ಆಗುತ್ತದೆ.

ಹಳೇ ಅಂಬಿ

ನನ್ನ ಅಂಬಿ ಮೂವತ್ತು ವರ್ಷ ಓಡಿತು ಸ್ವಾಮಿ. ಸವೆದಿದ್ದು ಎಲ್ಲಿ?

ಹದಿನಾಲ್ಕು ನಂಬರ್ ಸ್ಪ್ಯಾನರ್

ಮೂವತ್ತು ವರ್ಷದಲ್ಲಿ ಸವೆದ ಸಿಲಿಂಡರ್ ಕೊರೆಸಿ ಎಂಜಿನ್ ಎಷ್ಟು ಸಲ ಬೋರ್ ಮಾಡಿಸಿದ್ದೀರಿ ಸಾರ್?

ಹಳೇ ಅಂಬಿ

ಮೂರು.

ಮಂಡಕ್ಕಿ ಮಿರ್ಚಿ

😂😂 ಔಟ್.

ಹಿರಿಯೂರು ಗಾಳಿ

ಎಲ್ಲಿ ಹೀಟ್ ಆಗುತ್ತದೆ ಅನ್ನುವುದು ಮುಖ್ಯ, ನನ್ನ ಅನುಭವದಲ್ಲಿ.

2022ರಲ್ಲಿ ನಮ್ಮ ಮಾರಿಕಣಿವೆ ಡ್ಯಾಮ್ ಕೋಡಿ ಬಿತ್ತಲ್ಲ, 1933ರ ನಂತರ ಮೊದಲ ಸಲ. ಇಡೀ ಜಿಲ್ಲೆ ನೋಡಲು ಹೊರಟಿತ್ತು. ನಾವೂ ಮಾರುತಿ 800ರಲ್ಲಿ ಆರು ಜನ ಹೊರಟೆವು. ಹೈವೇನಲ್ಲಿ ಮುಳ್ಳು ಅರ್ಧಕ್ಕಿಂತ ಕೆಳಗೆ, ಏನೂ ತೊಂದರೆ ಇಲ್ಲ. ಡ್ಯಾಮ್ ರಸ್ತೆಗೆ ತಿರುಗಿದ ಮೇಲೆ ಟ್ರಾಫಿಕ್ ಜಾಮ್. ಇರುವೆ ಸಾಲು. ಹದಿನೈದು ನಿಮಿಷಕ್ಕೆ ಮುಳ್ಳು ತುದಿ ಮುಟ್ಟಿತು, ಬುಸ್ ಅಂತ ಹಬೆ. ನೋಡಿದರೆ ರೇಡಿಯೇಟರ್ ಫ್ಯಾನ್ ತಿರುಗುತ್ತಲೇ ಇಲ್ಲ. ಫ್ಯೂಸ್ ಸರಿ ಇತ್ತು, ರಿಲೇ ಸತ್ತಿತ್ತು. ಓಡುವಾಗ ಎದುರು ಗಾಳಿಯೇ ತಂಪು ಮಾಡುತ್ತದೆ, ಫ್ಯಾನ್ ಬೇಕಾಗಲ್ಲ. ನಿಂತಾಗ ಬೇಕು. ಎಂಬತ್ತೊಂಬತ್ತು ವರ್ಷ ಕಾದ ಕೋಡಿ, ನಾವು ನೋಡಿದ್ದು ಬೇರೆಯವರ ಮೊಬೈಲಿನಲ್ಲಿ.

ಎಸ್ಟೀಮ್‌ದು ಉಲ್ಟಾ ಇದೆ. ಹೈವೇನಲ್ಲಿ ಓಡುವಾಗ ಏರುತ್ತಿದೆ. ಅಂದರೆ ಫ್ಯಾನ್ ಅಲ್ಲ. ನೀರು ಕಮ್ಮಿ ಆಗಿದೆ, ಇಲ್ಲ ರೇಡಿಯೇಟರ್ ಕಟ್ಟಿದೆ, ಇಲ್ಲ ವಾಟರ್ ಪಂಪ್ ತಳ್ಳುತ್ತಿಲ್ಲ.

ಪಿ.ಬಿ. ರೋಡ್ ಪಾರ್ಟಿ

800ರಲ್ಲಿ ಆರು ಜನ! ಹೀಟ್ ಆಗಿದ್ದು ಎಂಜಿನ್ ಅಲ್ಲ, ಕಾರಿನ ಮನಸ್ಸು.

ಕಲ್ಲಿನಕೋಟೆ

ಮಾರಿಕಣಿವೆ ಕೋಡಿ ನಾನೂ ನೋಡಿದೆ. ಬೈಕಲ್ಲಿ ಹೋಗಿದ್ದೆ, ಬುದ್ಧಿವಂತ. ಕಟ್ಟಿ ಮುಗಿದಿದ್ದು 1907ರಲ್ಲಿ, ಇಷ್ಟು ವರ್ಷದಲ್ಲಿ ಕೋಡಿ ಬಿದ್ದಿದ್ದನ್ನು ಕೈಬೆರಳಲ್ಲಿ ಎಣಿಸಬಹುದು.

ಕುಂದವಾಡ ಕೆರೆ

ದುರ್ಗದ ಬಿಸಿಲಿಗಿಂತ ನಮ್ಮದೇ ಜಾಸ್ತಿ. ನಿಮ್ಮ ಕಡೆ ಗುಡ್ಡ, ಗಾಳಿ, ಫ್ಯಾನ್ ಥರ ವಿಂಡ್‌ಮಿಲ್ ಬೇರೆ ಹಾಕಿಕೊಂಡಿದ್ದೀರಿ.

ಕಲ್ಲಿನಕೋಟೆ

ವಿಂಡ್‌ಮಿಲ್ ಗಾಳಿ ಕೊಡಲ್ಲ ಸ್ವಾಮಿ, ತಗೊಳ್ಳುತ್ತೆ. ಮೇ ತಿಂಗಳಲ್ಲಿ ಒಂದು ಸಲ ಕೋಟೆ ಹತ್ತಿ ಆಮೇಲೆ ಮಾತಾಡಿ. ಕಲ್ಲಿನ ಮೇಲೆ ನಿಮ್ಮ ಬೆಣ್ಣೆದೋಸೆ ಹುಯ್ಯಬಹುದು.

ಲ್ಯಾಬ್ ಅಕ್ಕ

ಕಾರು ರಿಪೇರಿ ನನಗೆ ಬರುವುದಿಲ್ಲ, ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುತ್ತೇನೆ. ಇಲ್ಲಿ ಎಲ್ಲರೂ ನೀರು ನೀರು ಅನ್ನುತ್ತಿದ್ದೀರಿ, ಅದಕ್ಕೆ ಬಂದೆ.

ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ಎಂಜಿನ್ 90ರ ಆಸುಪಾಸಿನಲ್ಲಿ ಓಡುತ್ತದೆ. ಉಳಿದ ಅಂತರ ಎಷ್ಟು ಕಮ್ಮಿ ನೋಡಿ! ಅದಕ್ಕೇ ರೇಡಿಯೇಟರ್ ಮುಚ್ಚಳ ಕುಕ್ಕರ್ ಥರ ಒತ್ತಡ ಹಿಡಿದಿಡುತ್ತದೆ. ಹೆಚ್ಚಿನ ಮುಚ್ಚಳಗಳ ಮೇಲೆ 0.9 ಅಥವಾ 1.1 ಅಂತ ಬರೆದಿರುತ್ತದೆ, ಅದು ಆ ಒತ್ತಡದ ಲೆಕ್ಕ. ಅರ್ಧ ನೀರು ಅರ್ಧ ಗ್ಲೈಕಾಲ್ ಇರುವ ಕೂಲಂಟ್ ಬರೀ ಗಾಳಿಯಲ್ಲೇ 107 ಡಿಗ್ರಿ ಹತ್ತಿರ ಕುದಿಯುತ್ತದೆ. ಆ ಒತ್ತಡದಲ್ಲಿ 125 ದಾಟುತ್ತದೆ. ಮುಚ್ಚಳದ ರಬ್ಬರ್ ಸತ್ತರೆ ಒತ್ತಡ ಹೋಯಿತು, ಕುದಿ ಬೇಗ ಬಂತು. ರಬ್ಬರ್ ಸತ್ತ ಕುಕ್ಕರಿನಲ್ಲಿ ಬೇಳೆ ಬೇಯುವುದಿಲ್ಲ ಅಲ್ವಾ, ಅದೇ.

ನಮ್ಮ ಕಡೆ ಬೋರ್ ನೀರು ಗಡಸು. ಕಾಯಿಸುವ ಪಾತ್ರೆ ತಳದಲ್ಲಿ ಬಿಳಿ ಸುಣ್ಣದಂಥ ಪದರ ಕೂರುತ್ತದೆ ಅಲ್ವಾ? ರೇಡಿಯೇಟರ್ ಟ್ಯೂಬ್ ಒಳಗೂ ಅದೇ ಕೂರುತ್ತದೆ. ಆ ಪದರ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದು ಕೂಲಂಟ್ ಜೊತೆ ಬೆರೆಸಿ. ಹೆಚ್ಚು ದುಡ್ಡೂ ಆಗುವುದಿಲ್ಲ.

ಇನ್ನೊಂದು ಮಾತು, ಇದು ತಮಾಷೆ ಅಲ್ಲ. ಕೂಲಂಟಿನ ಎಥಿಲೀನ್ ಗ್ಲೈಕಾಲ್ ಸಿಹಿ ಇರುತ್ತದೆ, ಆದರೆ ವಿಷ. ಕಿಡ್ನಿ ಹಾಳು ಮಾಡುತ್ತದೆ. ನಮ್ಮ ಬೀದಿಯಲ್ಲಿ ಗ್ಯಾರೇಜ್ ಮುಂದೆ ಚೆಲ್ಲಿದ್ದನ್ನು ನೆಕ್ಕಿ ಒಂದು ನಾಯಿ ಸತ್ತಿತು. ಉಳಿದ ಹಸಿರು ಕೂಲಂಟನ್ನು ಕೂಲ್‌ಡ್ರಿಂಕ್ ಬಾಟಲಿಗೆ ತುಂಬಿ ಅಡುಗೆಮನೆ ಮೂಲೆಯಲ್ಲಿ ಇಡುವವರನ್ನು ನೋಡಿದ್ದೇನೆ. ಮನೆಯಲ್ಲಿ ಮಕ್ಕಳಿದ್ದಾರೆ ಅನ್ನುವುದು ನೆನಪಿರಲಿ.

ಲಾರಿ ಲೋಡು

ಮೇಡಂ ಕುಕ್ಕರ್ ಲೆಕ್ಕ ಚೆನ್ನಾಗಿದೆ. ಇನ್ನು ಮೇಲೆ ಕ್ಲೀನರ್ ಹುಡುಗನಿಗೆ ಹಂಗೇ ಹೇಳ್ತೀನಿ.

ಎಸ್ಟೀಮ್ 2003

ಪೇಪರ್ ಪರೀಕ್ಷೆ ಮಾಡಿದೆ. ಎಸಿ ಬಂದ್, ಕಿಟಕಿ ತೆಗೆದು ಹದಡಿ ರಸ್ತೆಯಲ್ಲಿ ಹೋಗಿ ಬಂದೆ, ಬೆವರಲ್ಲಿ ಸ್ನಾನ ಆಯಿತು. ವಾಪಸ್ ಬಂದು ನೋಡಿದರೆ ಪೇಪರ್ ಮೇಲೆ ಎರಡು ರೂಪಾಯಿ ನಾಣ್ಯದಷ್ಟು ತಿಳಿ ಹಸಿರು ಕಲೆ. ರಾತ್ರಿವರೆಗೂ ಆರಿಲ್ಲ. ಬೆರಳಿಗೆ ಅಂಟುತ್ತದೆ. ಮ್ಯಾಟ್ ಕೆಳಗಿನ ಸ್ಪಂಜು ಹಿಂಡಿದರೆ ಹಸಿರು ನೀರು ಬಂತು!

ಅಂದರೆ ಹೀಟರ್ ಕೋರ್ ಗ್ಯಾರಂಟಿ. ಆದರೆ ಹೆಡ್ ಗ್ಯಾಸ್ಕೆಟ್ ಕೂಡ ಹೋಗಿದ್ದರೆ? ಕೆಂಪಿನ ಹತ್ತಿರ ಹೋಗಿತ್ತಲ್ಲ, ಆ ಭಯ.

ಹದಿನಾಲ್ಕು ನಂಬರ್ ಸ್ಪ್ಯಾನರ್

ಭಯ ನ್ಯಾಯವೇ. ಅಲ್ಯೂಮಿನಿಯಂ ಹೆಡ್, ಜಾಸ್ತಿ ಬಿಸಿಯಾದರೆ ಸೊಟ್ಟಗಾಗುತ್ತದೆ. ಆದರೆ ಬಿಚ್ಚುವ ಮೊದಲು ನೋಡಬೇಕಾದ್ದನ್ನು ನೋಡಬೇಕು.

ಆಯಿಲ್ ಮುಚ್ಚಳ ತೆಗೆದು ಒಳಗೆ ನೋಡು. ಹಾಲು ಬೆರೆಸಿದ ಕಾಫಿ ಬಣ್ಣದ ನೊರೆ ಇದ್ದರೆ ಆಯಿಲಿಗೆ ನೀರು ಸೇರಿದೆ. ಡಿಪ್‌ಸ್ಟಿಕ್ಕಿನಲ್ಲೂ ನೋಡು. ಬೆಳಿಗ್ಗೆ ತಣ್ಣನೆಯ ಎಂಜಿನ್, ರೇಡಿಯೇಟರ್ ಮುಚ್ಚಳ ತೆಗೆದಿಟ್ಟು ಸ್ಟಾರ್ಟ್ ಮಾಡು. ಒಂದೇ ಸಮನೆ ಗುಳ್ಳೆ ಬರುತ್ತಲೇ ಇದ್ದರೆ ಸಿಲಿಂಡರ್ ಗ್ಯಾಸ್ ನೀರಿಗೆ ನುಗ್ಗುತ್ತಿದೆ. ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿದ ಎರಡೇ ನಿಮಿಷಕ್ಕೆ, ಎಂಜಿನ್ ಬಿಸಿಯಾಗುವ ಮೊದಲೇ ಮೇಲಿನ ಹೋಸ್ ಕಲ್ಲಿನ ಥರ ಗಟ್ಟಿ ಆದರೂ ಅದೇ ಅರ್ಥ. ಸೈಲೆನ್ಸರ್‌ನಿಂದ ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ಬರುತ್ತದಾ ನೋಡು. ಬೆಳಿಗ್ಗೆ ಮೊದಲ ಐದು ನಿಮಿಷ ಬರುವ ಹಬೆ ಲೆಕ್ಕಕ್ಕಿಲ್ಲ.

ಇನ್ನೂ ಅನುಮಾನ ಉಳಿದರೆ ಒಂದು ನೀಲಿ ದ್ರವದ ಪರೀಕ್ಷೆ ಇದೆ. ರೇಡಿಯೇಟರ್ ಬಾಯಿಗೆ ಗಾಜಿನ ನಳಿಗೆ ಇಟ್ಟು ಅಲ್ಲಿಂದ ಬರುವ ಗಾಳಿಯನ್ನು ಅದರ ಮೂಲಕ ಎಳೆಯುತ್ತಾರೆ. ಪೆಟ್ರೋಲ್ ಗಾಡಿಯಲ್ಲಿ ನೀಲಿ ಹಳದಿಗೆ ತಿರುಗಿದರೆ ಗ್ಯಾಸ್ಕೆಟ್ ಹೋಗಿದೆ. ಎಲ್ಲರ ಹತ್ತಿರ ಇರುವುದಿಲ್ಲ, ಕೇಳಿ ನೋಡು. ಇದ್ಯಾವುದನ್ನೂ ಮಾಡದೆ ಎರಡು ನಿಮಿಷದಲ್ಲಿ 18 ಸಾವಿರ ಅಂದರೆ ಅದು ಜೋತಿಷ್ಯ.

ಹಿರಿಯೂರು ಗಾಳಿ

ಇದಕ್ಕೆ ಒಂದು ಸೇರಿಸುತ್ತೇನೆ. ನೀರು ತೀರಾ ಖಾಲಿ ಆದರೆ ಮುಳ್ಳು ಕೆಳಗೆ ಬೀಳಬಹುದು. ಸೆನ್ಸರ್ ನೀರಲ್ಲಿ ಮುಳುಗಿದ್ದರೆ ಮಾತ್ರ ಸರಿ ಹೇಳುತ್ತದೆ. ನೀರಿಲ್ಲದೆ ಬರೀ ಗಾಳಿ ಇದ್ದರೆ ತಪ್ಪು ತೋರಿಸುತ್ತದೆ. ನಮ್ಮ ಭಾವ "ಅಬ್ಬಾ, ತಣ್ಣಗಾಯ್ತು" ಅಂತ ಖುಷಿಯಿಂದ ಓಡಿಸಿ ಎಂಜಿನ್ ಸೀಜ್ ಮಾಡಿಕೊಂಡರು.

ಎಸ್ಟೀಮ್ 2003

ಆಯಿಲ್ ಜೇನುತುಪ್ಪದ ಹಾಗಿದೆ. ಗುಳ್ಳೆ ಮೊದಲು ನಾಲ್ಕೈದು ಬಂದು ನಿಂತವು. ಬಿಳಿ ಹೊಗೆ ಇಲ್ಲ. ಅಮ್ಮನಿಗೆ ಹೇಳಿದೆ, ದೇವರಿಗೆ ತುಪ್ಪದ ದೀಪ ಹಚ್ಚಿದರು.

ಕೋರ್ ಬದಲಾಯಿಸಲು ಪೂರ್ತಿ ಡ್ಯಾಶ್‌ಬೋರ್ಡ್ ಇಳಿಸಬೇಕಂತೆ. ಕಲ್ಲಿನಕೋಟೆ ಅವರ ಕಿರ್ ಕಿರ್ ಕೇಳಿ ಧೈರ್ಯ ಬರುತ್ತಿಲ್ಲ. ಸದ್ಯಕ್ಕೆ ಕೋರಿಗೆ ನೀರು ಹೋಗದ ಹಾಗೆ ಬೈಪಾಸ್ ಮಾಡಬಹುದಾ?

ಹದಿನಾಲ್ಕು ನಂಬರ್ ಸ್ಪ್ಯಾನರ್

ಮಾಡಬಹುದು. ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯಲ್ಲಿ ಎರಡು ಪೈಪ್ ಹೊರಗೆ ಬಂದಿರುತ್ತವೆ. ಅವಕ್ಕೆ ಹಾಕಿರುವ ಎರಡು ಹೋಸ್ ಬಿಚ್ಚಿ ಒಂದಕ್ಕೊಂದು ಸೇರಿಸಬೇಕು. ಬಾಯಿ ಮುಚ್ಚಬೇಡ, ಸೇರಿಸು. ನೀರು ಸುತ್ತು ಹಾಕುತ್ತಿರಲಿ. ಹೋಸ್ ಒಳ ಅಳತೆ ನೋಡಿ ಅದಕ್ಕೆ ಸರಿಯಾದ ಹಿತ್ತಾಳೆ ನಿಪ್ಪಲ್ (ಎರಡು ಹೋಸ್ ಜೋಡಿಸುವ ತುಂಡು ಪೈಪ್) ತಗೊ. ಎರಡು ಕಡೆ ಒಳ್ಳೆ ಕ್ಲಿಪ್. ಹಾಗೇ ಹೊಸ ಮುಚ್ಚಳ, ಹೊಸ ಥರ್ಮೋಸ್ಟಾಟ್.

ಹೊಳಲ್ಕೆರೆ ಅಡಿಕೆ

ನಿಪ್ಪಲ್ ವಿಷಯದಲ್ಲಿ ನನ್ನ ಕಥೆ ಕೇಳಿ. ತೋಟಕ್ಕೆ ಡ್ರಿಪ್ ಹಾಕಿಸಿದಾಗ ಉಳಿದ ಪ್ಲಾಸ್ಟಿಕ್ ಜಾಯಿಂಟರ್ ಒಂದು ಡಬ್ಬ ಮನೆಯಲ್ಲಿತ್ತು. ಅಳತೆ ಅಳೆದು ಮಾಡಿಸಿದ ಹಾಗೆ ಕೂತಿತು. ನಾನೇ ದೊಡ್ಡ ಎಂಜಿನಿಯರ್ ಅಂದುಕೊಂಡೆ. ಮನೆಯಿಂದ ಹೊರಟು ಹನ್ನೆರಡು ಕಿಲೋಮೀಟರ್‌ಗೆ ಅದು ಬಿಸಿಗೆ ಮೆತ್ತಗಾಗಿ, ಹೋಸ್ ಕಳಚಿ, ಬಾನೆಟ್ ಒಳಗೆಲ್ಲ ಹಸಿರು ಅಭಿಷೇಕ. ಅಡಿಕೆ ಗಿಡಕ್ಕೆ ಹೋಗುವುದು ತಣ್ಣೀರು. ಎಂಜಿನ್ನಿಗೆ ಅಲ್ಲ. ಕೊನೆಗೆ ಪಂಪ್‌ಸೆಟ್ ಸಾಮಾನಿನ ಅಂಗಡಿಯಲ್ಲಿ ಹಿತ್ತಾಳೆಯದು ಸಿಕ್ಕಿತು.

ಪಿ.ಬಿ. ರೋಡ್ ಪಾರ್ಟಿ

ಅಡಿಕೆ ರೇಟ್ ಇಷ್ಟಿರುವಾಗ ಹೊಸ ಕಾರೇ ತಗೊಳ್ಳಬಹುದಿತ್ತಲ್ಲ ಸಾರ್. ಡ್ರಿಪ್ ಜಾಯಿಂಟರ್ ಯಾಕೆ?

ಹೊಳಲ್ಕೆರೆ ಅಡಿಕೆ

ರೇಟ್ ಕೇಳಿದವರು ಕೊಳೆರೋಗದ ಬಗ್ಗೆಯೂ ಕೇಳಿ.

ಎಸ್ಟೀಮ್ 2003

ಬೈಪಾಸ್ ಮಾಡಿದೆ. ಹಿತ್ತಾಳೆ ನಿಪ್ಪಲ್, ನಾಲ್ಕು ಕ್ಲಿಪ್ (ಎರಡು ಕೆಳಗೆ ಬಿದ್ದು ಕಳೆದವು), ಹೊಸ ಮುಚ್ಚಳ, ಹೊಸ ಥರ್ಮೋಸ್ಟಾಟ್, ಡಿಸ್ಟಿಲ್ಡ್ ವಾಟರ್, ಕೂಲಂಟ್. ಎಲ್ಲ ಸೇರಿ ಎರಡು ಸಾವಿರದ ಒಳಗೆ. ಆದರೆ ಇವತ್ತು ಸಂಜೆ ಮತ್ತೆ ಮುಳ್ಳು ಮುಕ್ಕಾಲಿಗೆ ಹೋಗಿ, ದಡಕ್ಕನೆ ಕೆಳಗೆ ಬಂದು, ಮತ್ತೆ ಮೇಲೆ ಹೋಯಿತು. ಅಳು ಬರುವುದೊಂದು ಬಾಕಿ.

ಹಳೇ ಅಂಬಿ

ನೋಡಿದ್ರಾ? ಥರ್ಮೋಸ್ಟಾಟ್! ನಾನು ಹೇಳಲಿಲ್ಲವಾ?

ಹದಿನಾಲ್ಕು ನಂಬರ್ ಸ್ಪ್ಯಾನರ್

ಅಂಬಿ ಸಾರ್, ಒಂದು ನಿಮಿಷ ತಡೆಯಿರಿ. ಮುಳ್ಳು ಹೀಗೆ ಕುಣಿದರೆ ಮೊದಲ ಅನುಮಾನ ಒಳಗೆ ಗಾಳಿ ಸಿಕ್ಕಿದೆ ಅಂತ. ತಮ್ಮಾ, ಕೂಲಂಟ್ ತುಂಬಿ ತಕ್ಷಣ ಮುಚ್ಚಳ ಹಾಕಿದೆ ಅಲ್ವಾ?

ಎಸ್ಟೀಮ್ 2003

ಹೌದು ಅಣ್ಣ. ತುಂಬಿ, ಹಾಕಿ, ಹೊರಟೆ.

ಹದಿನಾಲ್ಕು ನಂಬರ್ ಸ್ಪ್ಯಾನರ್

ಅದೇ. ನಾಳೆ ಬೆಳಿಗ್ಗೆ ತಣ್ಣಗಿರುವಾಗ ಮುಂದಿನ ಚಕ್ರ ಎತ್ತರಕ್ಕೆ ಬರುವ ಹಾಗೆ ಇಳಿಜಾರಲ್ಲಿ ನಿಲ್ಲಿಸು. ರೇಡಿಯೇಟರ್ ಬಾಯಿಯೇ ಎಲ್ಲಕ್ಕಿಂತ ಮೇಲಿರಬೇಕು. ಮುಚ್ಚಳ ತೆಗೆದು ತುಂಬು. ಸ್ಟಾರ್ಟ್ ಮಾಡಿ ಬಿಡು. ಗ್ಲುಕ್ ಗ್ಲುಕ್ ಅಂತ ಗಾಳಿ ಬರುತ್ತದೆ, ಮಟ್ಟ ಇಳಿಯುತ್ತದೆ, ಮತ್ತೆ ತುಂಬು. ಮೇಲಿನ ಹೋಸನ್ನು ಆಗಾಗ ಹಿಚುಕು. ಥರ್ಮೋಸ್ಟಾಟ್ ತೆರೆದಾಗ ಆ ಹೋಸ್ ಇದ್ದಕ್ಕಿದ್ದ ಹಾಗೆ ಬಿಸಿಯಾಗುತ್ತದೆ, ಮಟ್ಟ ಒಂದು ಸಲ ಕುಸಿಯುತ್ತದೆ. ಆಗ ತುಂಬಿ ಮುಚ್ಚು. ಫ್ಯಾನ್ ಒಂದೆರಡು ಸಲ ಓಡಿ ನಿಲ್ಲುವವರೆಗೆ ಕಾದು ನೋಡು. ಕುದಿಯುವ ಲಕ್ಷಣ ಕಂಡರೆ ದೂರ ಸರಿ.

ಎಸ್ಟೀಮ್ 2003

ಮುಕ್ಕಾಲು ಲೀಟರ್ ಹಿಡಿಯಿತು! ಅಷ್ಟು ಗಾಳಿ ಇತ್ತು ಒಳಗೆ.

ಇವತ್ತು ದುರ್ಗಕ್ಕೆ ಹೋಗಿ ಬಂದೆ, ಮಧ್ಯಾಹ್ನ, ಎಸಿ ಹಾಕಿಯೇ. ಮುಳ್ಳು ಅರ್ಧದಲ್ಲಿ ಮೊಳೆ ಹೊಡೆದ ಹಾಗೆ ನಿಂತಿತ್ತು. ಧೈರ್ಯ ಮಾಡಿ ಜೋಗಿಮಟ್ಟಿ ಏರು ಕೂಡ ಹತ್ತಿಸಿದೆ. ಸ್ವಲ್ಪ ಏರಿತು, ಮೇಲೆ ನಿಂತ ಮೇಲೆ ಇಳಿಯಿತು. ಭರಮಸಾಗರದ ಬೇವಿನ ಮರ ಬಂದಾಗ ಅಮ್ಮ ಕೈ ಮುಗಿದರು. ಸ್ಪ್ಯಾನರ್ ಅಣ್ಣ, ದಾವಣಗೆರೆಗೆ ಬಂದರೆ ಬೆಣ್ಣೆದೋಸೆ ನನ್ನ ಲೆಕ್ಕ.

ಮನೆಗೆ ಬಂದ ಮೇಲೆ ಅಮ್ಮ ಕೇಳಿದ್ದು: "ಕಾರಲ್ಲಿ ಹಾಕ್ತಿದ್ದೆಯಲ್ಲ ಆ ಸೆಂಟು, ಖಾಲಿ ಆಯ್ತೇನೋ?"

ಲ್ಯಾಬ್ ಅಕ್ಕ

ಅಯ್ಯೋ ಶಿವನೇ. ಅಮ್ಮನಿಗೆ ಹೇಳಿ ಅದು ಸೆಂಟಲ್ಲ ಅಂತ. ಮ್ಯಾಟ್ ಕೆಳಗಿನ ಸ್ಪಂಜು ಪೂರ್ತಿ ತೊಳೆದು ಬಿಸಿಲಿಗೆ ಹಾಕಿ. ಗಾಜನ್ನು ಸೋಪಿನ ನೀರಲ್ಲಿ ಎರಡು ಸಲ ಒರೆಸಿ.

ಕುಂದವಾಡ ಕೆರೆ

ಬೆಣ್ಣೆದೋಸೆ ಬರೀ ಸ್ಪ್ಯಾನರ್ ಅಣ್ಣನಿಗಾ? ಬಿಸಿಲಲ್ಲಿ ಕೂತು ಓದಿದ ನಮಗೆ ಖಾಲಿ ದೋಸೆನಾದ್ರೂ ಕೊಡ್ಸಿ.

ಮಂಡಕ್ಕಿ ಮಿರ್ಚಿ

ಮೊದಲ ಉತ್ತರ ನಂದು. ಎರಡು ಪ್ಲೇಟ್.

ಎಸ್ಟೀಮ್ 2003

ಜುಲೈ ತಿಂಗಳು. ನಾನೇ ಮತ್ತೆ ಬಂದೆ.

ಗಾಡಿ ಒಂದು ಸಲವೂ ಹೀಟ್ ಆಗಿಲ್ಲ. ಆದರೆ ಹೋದ ವಾರ ತೀರ್ಥಹಳ್ಳಿ ದಾಟಿ ಆಗುಂಬೆಗೆ ಹೋಗಿದ್ದೆವು. ಮಳೆ ಅಂದರೆ ಆಕಾಶ ಹರಿದ ಹಾಗೆ. ಕಾರಿನೊಳಗೆ ನಾಲ್ಕು ಜನರ ಉಸಿರು, ಒದ್ದೆ ಬಟ್ಟೆ. ಗಾಜು ಒಳಗಿಂದ ಪೂರ್ತಿ ಬೆಳ್ಳಗೆ. ಗಾಜಿಗೆ ಬಿಸಿ ಗಾಳಿ ಬಿಡೋಣ ಅಂತ ಲಿವರ್ ಕೆಂಪು ಕಡೆ ಎಳೆದರೆ ಬರುವುದು ಬರೀ ತಣ್ಣನೆ ಗಾಳಿ. ಹೀಟರ್ ಎಲ್ಲಿದೆ, ನಾನೇ ಬೈಪಾಸ್ ಮಾಡಿದ್ದೇನಲ್ಲ! ಎಸಿ ಹಾಕಿದೆ. ಒಳಗಿನ ಮಬ್ಬು ಹೋಯಿತು, ಗಾಜು ತಣ್ಣಗಾಗಿ ಹೊರಗಡೆ ಮಬ್ಬು ಕೂತಿತು, ವೈಪರ್ ಹಾಕಿಕೊಂಡೇ ಇರಬೇಕಾಯಿತು. ಒಳಗೆ ಅಮ್ಮ ಚಳಿಗೆ ಗಡಗಡ. ತಿರುವಿನಲ್ಲಿ ಒಂದು ಬಸ್ ಎದುರು ಬಂದಾಗ ನನ್ನ ಜೀವ ಬಾಯಿಗೆ ಬಂದಿತ್ತು.

ಕೋರ್ ಆರ್ಡರ್ ಮಾಡಿದ್ದೇನೆ. ಡ್ಯಾಶ್‌ಬೋರ್ಡ್ ಬಿಚ್ಚುವಾಗ ಕ್ಲಿಪ್ ಮುರಿಯದ ಹಾಗೆ ಏನು ಮಾಡಬೇಕು ಹೇಳಿ.

ಕಲ್ಲಿನಕೋಟೆ

ಒಂದೊಂದು ಸ್ಕ್ರೂ ತೆಗೆದ ಹಾಗೂ ಫೋಟೋ ಹೊಡೆಯಿರಿ. ಯಾವ ಸ್ಕ್ರೂ ಎಲ್ಲಿಯದು ಅಂತ ಮೊಟ್ಟೆ ಟ್ರೇಯಲ್ಲಿ ಇಟ್ಟು ಬರೆದಿಡಿ. ನನ್ನವರು ಎಲ್ಲ ಒಂದೇ ಡಬ್ಬಿಗೆ ಸುರಿದಿದ್ದರು, ಕೊನೆಗೆ ಏಳು ಸ್ಕ್ರೂ ಮಿಕ್ಕವು.

ಹದಿನಾಲ್ಕು ನಂಬರ್ ಸ್ಪ್ಯಾನರ್

ಬ್ಯಾಟರಿ ಕಳಚಿ ಶುರು ಮಾಡು. ಡ್ಯಾಶ್ ಬಿಚ್ಚಿದಾಗ ಎಸಿ ಡ್ರೈನ್ ಪೈಪ್ ಕೂಡ ಕ್ಲೀನ್ ಮಾಡಿಬಿಡು, ಮತ್ತೆ ಅಲ್ಲಿಗೆ ಕೈ ಹೋಗಲ್ಲ. ಶನಿವಾರ ನಾನು ದಾವಣಗೆರೆಗೆ ಬರುವುದಿದೆ. ದೋಸೆ ಆದ ಮೇಲೆ ಬಿಚ್ಚೋಣ, ಮೊದಲು ಬೇಡ.

ಪಿ.ಬಿ. ರೋಡ್ ಪಾರ್ಟಿ

"ದಾವಣಗೆರೆ ಕಾರಿಗೆ ಹೀಟರ್ ಯಾಕ್ರೀ" ಅಂದವರು ಯಾರೋ ಗೊತ್ತಿಲ್ಲಪ್ಪ. ನಾನಂತೂ ಅಲ್ಲ.